ಧಾರವಾಡದಲ್ಲಿ ಡಿಗ್ರಿ ಮೊದಲ ವರ್ಷ: ಹಾಸ್ಟೆಲ್‌ಗೆ ಅರ್ಜಿ ಹಾಕುವುದು ಹೇಗೆ?

ಪ್ರಶ್ನೆ: ಮೇಡಂ, ನಾನು ಬ್ಯಾಡಗಿ ತಾಲ್ಲೂಕಿನ ಒಂದು ಹಳ್ಳಿಯವಳು. ಈ ವರ್ಷ ಪಿಯುಸಿ ಸೈನ್ಸ್ ಮುಗಿಸಿದ್ದೇನೆ. ಧಾರವಾಡದಲ್ಲಿ ಬಿಎಸ್ಸಿ ಓದುವ ಆಸೆ. ನಮ್ಮ ಮನೆಯಿಂದ ಊರು ಬಿಟ್ಟು ಓದಲು ಹೊರಟವರಲ್ಲಿ ನಾನೇ ಮೊದಲನೆಯವಳು. ಅಪ್ಪ "ದಿನಾ ಬಸ್ಸಿಗೆ ಹೋಗಿ ಬಾ, ಹೆಂಗೂ ಹೆಣ್ಣುಮಕ್ಕಳಿಗೆ ಫ್ರೀ ಐತಿ" ಎನ್ನುತ್ತಾರೆ. ಹಾಸ್ಟೆಲ್‌ಗೆ ಎಲ್ಲಿ, ಯಾವಾಗ ಅರ್ಜಿ ಹಾಕಬೇಕು? ಫಾರ್ಮಿನಲ್ಲಿ "ಹಾಸ್ಟೆಲ್ ಏಕೆ ಬೇಕು" ಎಂಬ ಜಾಗದಲ್ಲಿ ಏನು ಬರೆಯಲಿ? ಸೀಟು ಸಿಗದಿದ್ದರೆ ಏನು ಮಾಡಲಿ? ನಮ್ಮದು ಮೂರು ಎಕರೆ ಮೆಣಸಿನಕಾಯಿ ಹೊಲ. ಜೂನ್ ತಿಂಗಳಲ್ಲಿ ಕೈಯಲ್ಲಿ ದುಡ್ಡು ಇರುವುದಿಲ್ಲ.

ಉತ್ತರ: ಮೊದಲು ಬಸ್ಸಿನ ಮಾತು ಮುಗಿಸೋಣ ತಂಗಿ. ಅಪ್ಪ ಹೇಳುವುದರಲ್ಲಿ ತಪ್ಪಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ. ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ನಿನಗೆ ಟಿಕೆಟ್ ದುಡ್ಡು ಬೀಳುವುದಿಲ್ಲ. ಆದರೆ ಬ್ಯಾಡಗಿಯಿಂದ ಧಾರವಾಡ ನೂರು ಕಿಲೋಮೀಟರಿಗೂ ಜಾಸ್ತಿ. ನಿನ್ನ ಹಳ್ಳಿಯಿಂದ ಬ್ಯಾಡಗಿ, ಅಲ್ಲಿಂದ ಹಾವೇರಿ, ಹಾವೇರಿಯಿಂದ ಹುಬ್ಬಳ್ಳಿ, ಹುಬ್ಬಳ್ಳಿಯಲ್ಲಿ ಇಳಿದು ಚಿಗರಿ ಬಸ್ಸು ಹತ್ತಿ ಧಾರವಾಡ. ಒಂದು ಕಡೆಗೇ ಮೂರು ಗಂಟೆ ಹಿಡಿಯುತ್ತದೆ. ಬಿಎಸ್ಸಿ ಅಂದರೆ ಮಧ್ಯಾಹ್ನ ಪ್ರಾಕ್ಟಿಕಲ್ ಇರುತ್ತದೆ, ಸಂಜೆ ಐದಕ್ಕೆ ಲ್ಯಾಬ್ ಬಿಟ್ಟರೆ ಮನೆ ಸೇರುವಾಗ ರಾತ್ರಿ ಎಂಟೂವರೆ, ಒಂಬತ್ತು. ಮತ್ತೆ ಬೆಳಗ್ಗೆ ನಾಲ್ಕೂವರೆಗೆ ಏಳಬೇಕು. ಓದುವುದು ಯಾವಾಗ? ಗದಗದಿಂದ ಹುಬ್ಬಳ್ಳಿಗೆ ಬರುವ ಹುಡುಗಿ ಕೇಳಿದ್ದರೆ ನಾನು ಬೇರೆ ಮಾತು ಹೇಳುತ್ತಿದ್ದೆ. ಅದು ಸುಮಾರು 60 ಕಿಲೋಮೀಟರ್, ರೈಲೂ ಇದೆ, ಎಷ್ಟೋ ಮಕ್ಕಳು ಓಡಾಡಿಯೇ ಡಿಗ್ರಿ ಮುಗಿಸಿದ್ದಾರೆ. ನಿನಗೆ ಅದು ಆಗುವ ಮಾತಲ್ಲ. ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಗಂಟೆ ಸಮೇತ ಬರೆದು ಅಪ್ಪನ ಮುಂದೆ ಇಡು. ಬಾಯಲ್ಲಿ ಹೇಳಿದರೆ ವಾದ ಅನ್ನಿಸುತ್ತದೆ, ಬರೆದು ತೋರಿಸಿದರೆ ಅವರೇ ಯೋಚನೆ ಮಾಡುತ್ತಾರೆ.

ನಾನು ಧಾರವಾಡದ ಕಾಲೇಜೊಂದರಲ್ಲಿ ಪಾಠ ಮಾಡುತ್ತಾ 11 ವರ್ಷ ಹುಡುಗಿಯರ ಹಾಸ್ಟೆಲ್ ವಾರ್ಡನ್ ಆಗಿದ್ದವಳು. ಮೇಜಿನ ಆ ಕಡೆ ಕೂತು ಸಾವಿರಾರು ಅರ್ಜಿ ನೋಡಿದ್ದೇನೆ. ಸೀಟು ತಪ್ಪಿಸಿಕೊಂಡವರಲ್ಲಿ ಮಾರ್ಕ್ಸ್ ಕಡಿಮೆ ಆಗಿ ತಪ್ಪಿದವರು ಸ್ವಲ್ಪ ಜನ. ಒಂದೇ ಬಾಗಿಲು ಬಡಿದು, ಅದು ತೆರೆಯುತ್ತದೆಂದು ಕಾಯುತ್ತಾ ಕೂತು ತಪ್ಪಿಸಿಕೊಂಡವರೇ ಜಾಸ್ತಿ. ಆದ್ದರಿಂದ ನಾನು ಮತ್ತೆ ಮತ್ತೆ ಹೇಳುವುದು ಒಂದೇ: ಮೂರೂ ಕಡೆ ಒಟ್ಟಿಗೇ ಅರ್ಜಿ ಹಾಕು. ಒಂದರ ಫಲಿತಾಂಶ ನೋಡಿ ಇನ್ನೊಂದಕ್ಕೆ ಹಾಕುತ್ತೇನೆ ಅಂತ ಕೂರಬೇಡ.

ಮೂರು ಕಡೆ ಯಾವುವು? ಒಂದು, ನೀನು ಸೇರುವ ಕಾಲೇಜಿನದೇ ಹಾಸ್ಟೆಲ್. ಎರಡು, ಸರ್ಕಾರದ ಮೆಟ್ರಿಕ್ ನಂತರದ ವಿದ್ಯಾರ್ಥಿನಿಲಯ. ಮೂರು, ಮಠ ಅಥವಾ ಸಮಾಜದ ಸಂಘ ಸಂಸ್ಥೆಗಳು ನಡೆಸುವ ನಿಲಯ.

ಮೂರಕ್ಕೂ ಮೊದಲು ಕಾಲೇಜಿನ ಅಡ್ಮಿಷನ್ ಆಗಬೇಕು. ಕಾಲೇಜಿಗೆ ಸೇರಿದರೆ ಹಾಸ್ಟೆಲ್ ತಾನಾಗಿ ಸಿಗುತ್ತದೆ ಅಂತ ಬಹಳ ಮನೆಗಳಲ್ಲಿ ತಿಳಿದಿರುತ್ತಾರೆ. ಹಾಗಿಲ್ಲ. ಎರಡೂ ಬೇರೆ ಬೇರೆ ಅರ್ಜಿ, ಬೇರೆ ಬೇರೆ ತಾರೀಖು. ಡಿಗ್ರಿಗೆ ಯುಯುಸಿಎಂಎಸ್, ಅಂದರೆ ಡಿಗ್ರಿ ಅಡ್ಮಿಷನ್ನಿನ ಸರ್ಕಾರಿ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿ, ಕಾಲೇಜಿನಲ್ಲಿ ಫೀ ಕಟ್ಟಿದ ಮೇಲೆ ರಸೀದಿ ಕೊಡುತ್ತಾರಲ್ಲ, ಆ ರಸೀದಿಯನ್ನು ಜೋಪಾನ ಮಾಡು. ಹಾಸ್ಟೆಲ್ ಅರ್ಜಿಗೆ ಎಲ್ಲ ಕಡೆ ಅದನ್ನೇ ಮೊದಲು ಕೇಳುತ್ತಾರೆ. ಅಡ್ಮಿಷನ್ ಮಾಡಿಸಿದ ದಿನವೇ ಕಾಲೇಜಿನ ಹಾಸ್ಟೆಲ್ ಫಾರ್ಮ್ ತೆಗೆದುಕೊಂಡು, ಆಗದಿದ್ದರೆ ಮರುದಿನವಾದರೂ, ತುಂಬಿ ಕೊಟ್ಟೇ ಊರಿಗೆ ಹೋಗು.

ಸರ್ಕಾರಿ ನಿಲಯಗಳಿಗೆ ರಾಜ್ಯ ವಿದ್ಯಾರ್ಥಿನಿಲಯ ಪೋರ್ಟಲ್‌ನಲ್ಲಿ ಆನ್‌ಲೈನ್ ಅರ್ಜಿ. ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ, ಪರಿಶಿಷ್ಟ ಪಂಗಡಗಳ ಕಲ್ಯಾಣ, ಅಲ್ಪಸಂಖ್ಯಾತರ ಕಲ್ಯಾಣ, ಒಂದೊಂದು ಇಲಾಖೆಗೂ ಅದರದೇ ನಿಲಯಗಳಿವೆ. ನಿನ್ನ ಜಾತಿ ಪ್ರಮಾಣ ಪತ್ರದಲ್ಲಿ ಯಾವ ವರ್ಗ ಇದೆಯೋ ಅದರ ಮೇಲೆ ಇಲಾಖೆ ತೀರ್ಮಾನವಾಗುತ್ತದೆ. ಇಲ್ಲಿ ವಸತಿಗೂ ಊಟಕ್ಕೂ ದುಡ್ಡು ಕಟ್ಟುವಂತಿಲ್ಲ. ಮನೆಯ ಆದಾಯಕ್ಕೆ ಮಿತಿ ಇದೆ, ಆಯಾ ವರ್ಷದ ಪ್ರಕಟಣೆಯಲ್ಲಿ ವರ್ಗವಾರು ಅಚ್ಚಾಗಿರುತ್ತದೆ, ಓದಿಕೋ.

ಇನ್ನು ಮಠದ ನಿಲಯಗಳು. ಇದು ನಮ್ಮ ಭಾಗದ ದೊಡ್ಡ ಪುಣ್ಯ. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಶುರುವಾಗಿದ್ದು 1917ರಲ್ಲಿ. ಅದಕ್ಕೂ ಮೊದಲು ಇಲ್ಲಿನ ಹುಡುಗರು ಬಿಎ ಓದಬೇಕೆಂದರೆ ಪುಣೆಗೋ ಮುಂಬಯಿಗೋ ಹೋಗಬೇಕಿತ್ತು. ಕಾಲೇಜು ಬಂತು, ಹಳ್ಳಿಯ ಬಡ ಮಕ್ಕಳು ಬಂದರು, ಉಳಿಯುವುದು ಎಲ್ಲಿ, ಉಣ್ಣುವುದು ಎಲ್ಲಿ? ಆಗ ಮಠಗಳು ಕೈಹಿಡಿದವು. ಧಾರವಾಡದ ಮುರುಘಾಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿದವರು ಇವತ್ತು ಉತ್ತರ ಕರ್ನಾಟಕದ ಮೂಲೆ ಮೂಲೆಯಲ್ಲಿ ಸಿಗುತ್ತಾರೆ. ಗದಗದ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣು ಕಾಣದ ಎಷ್ಟೋ ಮಕ್ಕಳು ಊಟ, ವಸತಿ, ಸಂಗೀತ ಮೂರನ್ನೂ ಪಡೆದು ಬದುಕು ಕಟ್ಟಿಕೊಂಡರು. ಹಳೆಯ ಪ್ರಸಾದ ನಿಲಯಗಳು ಹೆಚ್ಚಾಗಿ ಗಂಡುಮಕ್ಕಳಿಗೆ ಅಂತ ಶುರುವಾದವು. ಆದರೂ ಹೆಣ್ಣುಮಕ್ಕಳಿಗೆ ಬೇರೆ ನಿಲಯ ನಡೆಸುವ ಸಂಸ್ಥೆಗಳೂ ಊರಲ್ಲಿವೆ. ನಿಮ್ಮ ಕಡೆಯ ಹಿರಿಯರು ಯಾರಾದರೂ ಇಂಥ ಸಂಸ್ಥೆಯಲ್ಲಿ ಓದಿದ್ದರೆ ಅವರನ್ನು ಹೋಗಿ ಕೇಳು. ಇಲ್ಲಿ ಆನ್‌ಲೈನ್‌ಗಿಂತ ಖುದ್ದಾಗಿ ಹೋಗಿ ವಿಚಾರಿಸುವುದೇ ಮೇಲು.

ಈಗ ಕಾಗದ ಪತ್ರದ ಮಾತು. ಇದನ್ನು ನಿಧಾನ ಓದು, ಮಕ್ಕಳು ಎಡವುವುದು ಇಲ್ಲೇ.

ಜಾತಿ ಮತ್ತು ಆದಾಯ ಪ್ರಮಾಣ ಪತ್ರ ನಾಡಕಚೇರಿಯದು. ಅದರ ಮೇಲೆ ಆರ್‌ಡಿ ಎಂದು ಶುರುವಾಗುವ ಉದ್ದನೆಯ ನಂಬರ್ ಇರುತ್ತದೆ. ಪೋರ್ಟಲ್‌ನಲ್ಲಿ ಆ ನಂಬರ್ ಹಾಕಿದರೆ ನಿನ್ನ ವಿವರ ಬರಬೇಕು. ಒಂದು ಸಲ ಒಬ್ಬ ಹುಡುಗಿ ನನ್ನ ಮುಂದೆ ಕೂತು ಅಳುತ್ತಿದ್ದಳು. ಮಾರ್ಕ್ಸ್ ಕಾರ್ಡಿನಲ್ಲಿ ಅವಳ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಮೂರೂ ಇದ್ದವು. ಆಧಾರ್‌ನಲ್ಲಿ ಅಡ್ಡಹೆಸರು ಇರಲಿಲ್ಲ. ಪ್ರಮಾಣ ಪತ್ರದಲ್ಲಿ ಅಪ್ಪನ ಹೆಸರಿನ ಬದಲು ಬರೀ ಒಂದು ಅಕ್ಷರ. ಮೂರು ಕಾಗದದಲ್ಲಿ ಅವಳು ಮೂರು ಬೇರೆ ಹುಡುಗಿಯರಾಗಿದ್ದಳು. ತಿದ್ದಿಸಿಕೊಂಡು ಬರುವಷ್ಟರಲ್ಲಿ ಕೊನೆಯ ತಾರೀಖು ದಾಟಿತ್ತು. ನೀನು ಇವತ್ತೇ ಮೂರನ್ನೂ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಓದಿ ನೋಡು. ವ್ಯತ್ಯಾಸ ಇದ್ದರೆ ಈಗಲೇ ತಿದ್ದಿಸು. ಆದಾಯ ಪತ್ರದ ಅವಧಿ ಮುಗಿದಿದೆಯಾ ಅಂತಲೂ ನೋಡು. ಬ್ಯಾಂಕ್ ಖಾತೆ ನಿನ್ನ ಹೆಸರಿನಲ್ಲೇ ಇದ್ದು ಆಧಾರ್ ಜೋಡಣೆ ಆಗಿರಬೇಕು, ಮುಂದೆ ಸ್ಕಾಲರ್‌ಶಿಪ್ ದುಡ್ಡು ಬರುವುದು ಅಲ್ಲಿಗೇ.

ಇನ್ನೊಂದು ಸಣ್ಣ ವಿಷಯ, ಅದರಿಂದ ದೊಡ್ಡ ನಷ್ಟ ಆಗುತ್ತದೆ. ಅರ್ಜಿ ತುಂಬಲು ಕಂಪ್ಯೂಟರ್ ಅಂಗಡಿಗೋ ಗ್ರಾಮ ಒನ್ ಕೇಂದ್ರಕ್ಕೋ ಹೋಗುತ್ತೀಯಲ್ಲ, ಅಲ್ಲಿ ಅವಸರದಲ್ಲಿ ತಮ್ಮದೇ ಮೊಬೈಲ್ ನಂಬರ್ ಹಾಕಿಬಿಡುತ್ತಾರೆ. ಆಯ್ಕೆ ಆಗಿದೆ ಅನ್ನುವ ಮೆಸೇಜು ಅವರ ಫೋನಿಗೆ ಬಂದು ಅಲ್ಲೇ ಉಳಿಯುತ್ತದೆ. ನಿಮ್ಮ ಮನೆಯ ನಂಬರೇ ಹಾಕಿಸು, ರೀಚಾರ್ಜ್ ತಪ್ಪದಂತೆ ನೋಡಿಕೋ. ಅರ್ಜಿಯ ಪ್ರಿಂಟ್ ಎರಡು ತೆಗೆಸಿಕೋ.

ಈ ಮಾತನ್ನು ನನ್ನ ಅನುಭವದಿಂದಲೇ ಹೇಳುತ್ತಿದ್ದೇನೆ. ನಾನು ರೋಣ ತಾಲ್ಲೂಕಿನವಳು. ನಾನು ಡಿಗ್ರಿಗೆ ಬಂದಾಗ ಗದಗ, ಹಾವೇರಿ ಎಲ್ಲ ಇನ್ನೂ ಧಾರವಾಡ ಜಿಲ್ಲೆಯೇ, ಬೇರೆಯಾಗಿದ್ದು 1997ರಲ್ಲಿ. ಹಾಸ್ಟೆಲ್ ಪಟ್ಟಿಯಲ್ಲಿ ನನ್ನ ಹೆಸರು ಬಂದಿತ್ತು. ನೋಟಿಸ್ ಬೋರ್ಡಿಗೆ ಹಚ್ಚಿ ಮೂರು ದಿನದೊಳಗೆ ದುಡ್ಡು ಕಟ್ಟಬೇಕು ಅಂದಿದ್ದರು. ನಾನು ಊರಲ್ಲಿದ್ದೆ, ಹೇಳುವವರಿರಲಿಲ್ಲ. ನಾಲ್ಕನೇ ದಿನ ಬಂದೆ, ಸೀಟು ಮುಂದಿನವರಿಗೆ ಹೋಗಿತ್ತು. ನಾಲ್ಕು ತಿಂಗಳು ಸಂಬಂಧಿಕರ ಮನೆಯ ಪಡಸಾಲೆಯಲ್ಲಿ ಮಲಗಿ ಓದಿದೆ. ಆ ನಾಲ್ಕು ತಿಂಗಳು ನನಗೆ ಇನ್ನೂ ನೆನಪಿದೆ. ಅದಕ್ಕೇ ಹೇಳುವುದು, ಅಡ್ಮಿಷನ್ ದಿನ ಆಫೀಸಿನಲ್ಲಿ ಎರಡು ಪ್ರಶ್ನೆ ಕೇಳಿಯೇ ಬಾ: "ಪಟ್ಟಿ ಯಾವತ್ತು ಹಾಕ್ತೀರಿ? ಎಲ್ಲಿ ಹಾಕ್ತೀರಿ?" ಉತ್ತರ ಬರೆದುಕೋ.

ಈಗ ನೀನು ಕೇಳಿದ ಆ ಜಾಗ. "ಹಾಸ್ಟೆಲ್ ಏಕೆ ಬೇಕು?" ಇಲ್ಲಿ ನೂರಕ್ಕೆ ತೊಂಬತ್ತು ಮಕ್ಕಳು "ಚೆನ್ನಾಗಿ ಓದಿ ತಂದೆ ತಾಯಿಗೆ ಕೀರ್ತಿ ತರುತ್ತೇನೆ" ಎಂದು ಬರೆಯುತ್ತಾರೆ. ಆಸೆ ನಿಜವೇ, ಆದರೆ ಓದುವವರಿಗೆ ಅದರಿಂದ ನಿನ್ನ ಬಗ್ಗೆ ಏನೂ ತಿಳಿಯುವುದಿಲ್ಲ. ಒಬ್ಬಳು ಬರೆದಿದ್ದು ಇವತ್ತಿಗೂ ನನ್ನ ಕಣ್ಣ ಮುಂದಿದೆ. "ನಮ್ಮ ಊರಿಗೆ ಸಂಜೆ ಆರರ ಬಸ್ಸೇ ಕೊನೆ. ಕೆಮಿಸ್ಟ್ರಿ ಪ್ರಾಕ್ಟಿಕಲ್ ಐದಕ್ಕೆ ಬಿಡುತ್ತದೆ. ಮನೆಯಲ್ಲಿ ಒಂದೇ ಖೋಲಿ, ಅಜ್ಜನಿಗೆ ಹುಷಾರಿಲ್ಲ, ರಾತ್ರಿ ಲೈಟ್ ಹಚ್ಚುವಂತಿಲ್ಲ." ನಾಲ್ಕು ಸಾಲು. ಕಮಿಟಿಯಲ್ಲಿ ಯಾರೂ ಮರು ಪ್ರಶ್ನೆ ಕೇಳಲಿಲ್ಲ. ನೀನೂ ನಿನ್ನ ನಿಜ ಬರೆ. ಎಷ್ಟು ದೂರ, ಎಷ್ಟು ಬಸ್ಸು ಬದಲಿಸಬೇಕು, ಮನೆಯಲ್ಲಿ ಎಷ್ಟು ಜನ, ದುಡಿಯುವವರು ಯಾರು, ನೀನು ಓದುವುದು ಎಲ್ಲಿ ಕೂತು. ಬಡತನವನ್ನು ದೊಡ್ಡದು ಮಾಡಿ ಬರೆಯಬೇಡ, ಮುಚ್ಚಿಡಲೂ ಬೇಡ.

ಆರೋಗ್ಯದ ಕಾಲಂ ಕೂಡ ಹಾಗೆಯೇ. ಉಬ್ಬಸ, ಫಿಟ್ಸ್, ದಿನಾ ತೆಗೆದುಕೊಳ್ಳುವ ಮಾತ್ರೆ, ಏನಿದ್ದರೂ ಬರೆ. ಬರೆದರೆ ಸೀಟು ಕೊಡುವುದಿಲ್ಲ ಅಂತ ಮನೆಯವರು ಹೆದರುತ್ತಾರೆ. ನನ್ನ ಹಾಸ್ಟೆಲ್‌ನಲ್ಲಿ ಒಬ್ಬ ಹುಡುಗಿಗೆ ರಾತ್ರಿ ಎರಡು ಗಂಟೆಗೆ ಫಿಟ್ಸ್ ಬಂತು. ಅರ್ಜಿಯಲ್ಲಿ "ಏನೂ ಇಲ್ಲ" ಎಂದಿತ್ತು. ರೂಮಿನ ಮೂವರು ಹುಡುಗಿಯರು ಮೊದಲ ಸಲ ನೋಡಿ ನಡುಗಿ ಹೋದರು. ಯಾವ ಮಾತ್ರೆ, ಯಾವ ಡಾಕ್ಟರು, ಯಾರಿಗೂ ಗೊತ್ತಿಲ್ಲ. ಅವಳು ಉಳಿದಳು, ಓದಿದಳು, ಈಗ ಚೆನ್ನಾಗಿದ್ದಾಳೆ. ಆದರೆ ಆ ರಾತ್ರಿ ಆಟೋದಲ್ಲಿ ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಹೋಗುವಾಗ ನನಗಾದ ಸಂಕಟ ಹೇಳತೀರದು. ಮೊದಲೇ ಗೊತ್ತಿದ್ದರೆ ಕೆಳಗಿನ ಮಹಡಿಯಲ್ಲಿ, ನನ್ನ ಖೋಲಿಯ ಪಕ್ಕವೇ ಅವಳಿಗೆ ರೂಮು ಕೊಡುತ್ತಿದ್ದೆ.

ಕೆಲವು ಕಡೆ ವಾರ್ಡನ್ ಮಾತಾಡಿಸುತ್ತಾರೆ. ಹೆದರುವಂಥದ್ದೇನಿಲ್ಲ. ಕೇಳುವುದು ಮನೆ, ಓದು, ಊಟ, ಧಾರವಾಡದಲ್ಲಿ ಸ್ಥಳೀಯ ಪೋಷಕರು ಯಾರು ಅಂತ. ನಮ್ಮ ಕಡೆ ಅಪ್ಪಂದಿರು ಮಗಳ ಬದಲು ತಾವೇ ಉತ್ತರ ಕೊಡುತ್ತಾರೆ. "ಅಂಜತಾಳ್ರಿ ಮೇಡಮ್ಮಾರ, ನಾ ಹೇಳ್ತೀನಿ" ಅಂತಾರೆ. ಅಪ್ಪನಿಗೆ ಮೊದಲೇ ಹೇಳಿಡು, ನಿನ್ನ ಉತ್ತರ ನೀನೇ ಹೇಳಬೇಕು. ಧ್ವನಿ ಸಣ್ಣದಾದರೂ ಪರವಾಗಿಲ್ಲ. ನಿನಗೆ ಬರುವ ಕನ್ನಡದಲ್ಲೇ ಹೇಳು.

ಯಾವ ಹಾಸ್ಟೆಲ್ ಮೊದಲು, ಯಾವುದು ನಂತರ ಎಂದು ಆಯ್ಕೆಯ ಕ್ರಮ ಹಾಕುವ ಮೊದಲು ಹಾಸ್ಟೆಲ್ ನೋಡಿ ಬಾ. ಫೋಟೋ ನೋಡಿ ತೀರ್ಮಾನ ಮಾಡಬೇಡ. ಮಧ್ಯಾಹ್ನ ಊಟದ ಹೊತ್ತಿಗೆ ಹೋಗು. ಮೆಸ್ಸಿನಲ್ಲಿ ರೊಟ್ಟಿ ಇದೆಯಾ, ಬರೀ ಅನ್ನ ಸಾರಾ, ತಟ್ಟೆ ತೊಳೆಯುವ ಜಾಗ ಹೇಗಿದೆ, ಕಣ್ಣಿಗೇ ಕಾಣುತ್ತದೆ. ಒಂದು ಖೋಲಿಗೆ ಎಷ್ಟು ಜನ, ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ, ಪಾಯಿಖಾನೆಯ ಚಿಲಕ ಸರಿಯಿದೆಯಾ, ಬಸ್ ಸ್ಟಾಪಿನಿಂದ ಗೇಟಿನ ತನಕ ರಾತ್ರಿ ಲೈಟ್ ಇರುತ್ತದಾ, ರಾತ್ರಿ ಒಳಗೆ ಉಳಿಯುವ ಜವಾಬ್ದಾರಿ ಯಾರದು. ಇದನ್ನೆಲ್ಲ ಆಫೀಸಿನಲ್ಲಿ ಅಲ್ಲ, ಬಟ್ಟೆ ಒಣಹಾಕುತ್ತಿರುವ ಎರಡನೇ ವರ್ಷದ ಹುಡುಗಿಯನ್ನು ಕೇಳು. ಅವಳು ಹೇಳುವುದೇ ಸರಿಯಾದ ಮಾಹಿತಿ.

ದುಡ್ಡಿನ ವಿಷಯ. ಕಾಲೇಜು ಹಾಸ್ಟೆಲ್‌ಗಳಲ್ಲಿ ಖೋಲಿಯ ಬಾಡಿಗೆ ಬೇರೆ, ಡಿಪಾಸಿಟ್ ಬೇರೆ, ಮೆಸ್ ಬೇರೆ. ಮೆಸ್ ಬಹಳ ಕಡೆ ಡಿವೈಡಿಂಗ್ ಪದ್ಧತಿ, ಅಂದರೆ ತಿಂಗಳ ಖರ್ಚನ್ನು ಉಂಡವರ ಮೇಲೆ ಹಂಚುವುದು. ರಜೆಗೆ ಊರಿಗೆ ಹೋದರೆ ಎಷ್ಟು ದಿನಕ್ಕೆ ಮೆಸ್ ಕಡಿತ ಕೊಡುತ್ತಾರೆ ಎಂದು ಕೇಳು, ವರ್ಷಕ್ಕೆ ಲೆಕ್ಕ ಹಾಕಿದರೆ ಅದು ಸಣ್ಣ ದುಡ್ಡಲ್ಲ. ನಿಮ್ಮ ಕಷ್ಟ ನನಗೆ ಗೊತ್ತು. ಮೆಣಸಿನಕಾಯಿ ಬ್ಯಾಡಗಿ ಮಾರುಕಟ್ಟೆಗೆ ಹೋಗಿ ದುಡ್ಡಾಗುವುದು ಜನವರಿ ಮೇಲೆ, ಹಾಸ್ಟೆಲ್ ಕೇಳುವುದು ಜೂನ್ ಜುಲೈಗೆ. ನಾಚಿಕೆ ಬಿಟ್ಟು ಪ್ರಿನ್ಸಿಪಾಲರಿಗೆ ಒಂದು ಅರ್ಜಿ ಬರೆ: ನಾವು ಮೆಣಸಿನಕಾಯಿ ಬೆಳೆಯುವವರು, ಈಗ ಇಷ್ಟು ಕಟ್ಟುತ್ತೇವೆ, ಉಳಿದದ್ದು ಫೆಬ್ರವರಿಗೆ. ನಮ್ಮ ಕಡೆಯ ಮೇಷ್ಟ್ರುಗಳೂ ರೈತರ ಮಕ್ಕಳೇ, ಅವರಿಗೆ ಬಿಡಿಸಿ ಹೇಳಬೇಕಿಲ್ಲ. ನಾನು ವಾರ್ಡನ್ ಆಗಿದ್ದಾಗ ಇಂಥ ಅರ್ಜಿ ವರ್ಷವರ್ಷ ಬರುತ್ತಿದ್ದವು, ಕಂತು ಮಾಡಿಕೊಡುತ್ತಿದ್ದೆವು. ಬಡ್ಡಿಗೆ ಸಾಲ ಮಾತ್ರ ತರಬೇಡಿ.

ಸೀಟು ಸಿಗದಿದ್ದರೆ? ಮೊದಲ ಪಟ್ಟಿಯಲ್ಲಿ ಹೆಸರಿಲ್ಲ ಅಂದರೆ ಮುಗಿಯಿತು ಅಂತಲ್ಲ. ಸೈನ್ಸ್ ಮಕ್ಕಳ ವಿಷಯದಲ್ಲಿ ಒಂದು ಮಾತು ತಿಳಿದುಕೋ. ಬಿಎಸ್ಸಿಗೆ ಸೇರಿದ ಎಷ್ಟೋ ಮಕ್ಕಳು ಸಿಇಟಿಯಲ್ಲೂ ಹೆಸರು ಕೊಟ್ಟಿರುತ್ತಾರೆ. ಅಲ್ಲಿ ಸೀಟು ಹಂಚಿಕೆಯಾದಂತೆ ಎಂಜಿನಿಯರಿಂಗ್, ಅಗ್ರಿ, ಫಾರ್ಮಸಿ ಅಂತ ಹೊರಡುತ್ತಾರೆ. ಹಾಸಿಗೆ ಸುತ್ತಿಕೊಂಡು ಹೋದ ಮೇಲೆ ಅವರ ಮಂಚ ಖಾಲಿ. ಆ ಮಂಚ ಸಿಗುವುದು ವಾರಕ್ಕೊಮ್ಮೆ ಬಂದು "ಮೇಡಂ, ಖಾಲಿ ಆಯ್ತಾ?" ಎಂದು ಕೇಳುವ ಹುಡುಗಿಗೆ. ವೇಟಿಂಗ್ ಲಿಸ್ಟಿನಲ್ಲಿ ನಿನ್ನ ನಂಬರ್ ಎಷ್ಟು ಎಂದು ಕೇಳಿ ಬರೆದಿಟ್ಟುಕೋ, ವಾರ ತಪ್ಪದೆ ಹೋಗು.

ಅಲ್ಲಿಯವರೆಗೆ ಸಪ್ತಾಪುರ, ಜಯನಗರದ ಕಡೆ ಪಿಜಿಗಳಿವೆ, ಖಾನಾವಳಿಗಳಿವೆ. ಕಾಂಪಿಟಿಟಿವ್ ಪರೀಕ್ಷೆಗೆ ಓದುವವರು ತುಂಬಿರುವುದರಿಂದ ಅಲ್ಲಿ ಬೆಲೆ ಸ್ವಲ್ಪ ಏರು. ನಿಮ್ಮ ಊರ ಕಡೆಯ ಇಬ್ಬರು ಮೂವರು ಹುಡುಗಿಯರು ಸೇರಿ, ಮಾಲೀಕರು ಮೇಲೆಯೋ ಕೆಳಗೋ ಇರುವ ಮನೆಯಲ್ಲಿ ಒಂದು ಖೋಲಿ ಹಿಡಿಯುವುದು ನನಗೆ ಹೆಚ್ಚು ಒಪ್ಪಿಗೆ. ಆರು ತಿಂಗಳ ಅಡ್ವಾನ್ಸ್ ಕೊಟ್ಟು ಕಟ್ಟಿ ಬೀಳಬೇಡ, ತಿಂಗಳು ತಿಂಗಳಿನ ಲೆಕ್ಕವೇ ಇರಲಿ. ಹಾಸ್ಟೆಲ್ ಸೀಟು ಸಿಗದ ಹಿಂದುಳಿದ ವರ್ಗಗಳ ಮಕ್ಕಳಿಗೆ ವಿದ್ಯಾಸಿರಿ ಯೋಜನೆ ಇದೆ. ತಿಂಗಳಿಗೆ ಇಂತಿಷ್ಟು ಎಂದು 10 ತಿಂಗಳ ದುಡ್ಡು ಊಟ ವಸತಿಗೆ ಅಂತ ಖಾತೆಗೆ ಬರುತ್ತದೆ. ಎಸ್‌ಎಸ್‌ಪಿ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ದುಡ್ಡು ತಡವಾಗಿ ಬಂದರೂ ಬರುತ್ತದೆ, ಅರ್ಜಿ ಮಾತ್ರ ತಡ ಮಾಡಬೇಡ.

ರ್‍ಯಾಗಿಂಗ್ ಬಗ್ಗೆ ನೀನು ಕೇಳಿಲ್ಲ, ಅಮ್ಮನ ಮನಸ್ಸಿನಲ್ಲಿ ಇದ್ದೇ ಇರುತ್ತದೆ. 2009ರ ಯುಜಿಸಿ ನಿಯಮದ ಪ್ರಕಾರ ರ್‍ಯಾಗಿಂಗ್ ಮಾಡುವುದಿಲ್ಲ ಎಂದು ನೀನೂ ನಿನ್ನ ಪೋಷಕರೂ ಮುಚ್ಚಳಿಕೆ ಕೊಡಬೇಕು, ಅಡ್ಮಿಷನ್ ಹೊತ್ತಿಗೆ ಆನ್‌ಲೈನ್‌ನಲ್ಲೇ ತುಂಬಿಸುತ್ತಾರೆ. ತೊಂದರೆ ಕೊಟ್ಟರೆ 1800-180-5522ಕ್ಕೆ ಹಗಲು ರಾತ್ರಿ ಫೋನ್ ಮಾಡಬಹುದು. ಈ ನಂಬರನ್ನು ಅಮ್ಮನ ಫೋನಿನಲ್ಲೂ ಸೇವ್ ಮಾಡಿಕೊಡು.

ಬರುವಾಗ ಏನು ತರಬೇಕು ಅಂತ ಉದ್ದ ಪಟ್ಟಿ ಬೇಡ. ಹೊದೆಯಲು ದಪ್ಪ ಕೌದಿ, ಒಂದು ಗಟ್ಟಿ ಬೀಗ, ಬಟ್ಟೆ ಒಣಹಾಕಲು ಹತ್ತು ಮೊಳ ಹಗ್ಗ. ಧಾರವಾಡದಲ್ಲಿ ಜೂನ್‌ನಿಂದ ಜಿಟಿಜಿಟಿ ಮಳೆ ಹಿಡಿದರೆ ಬಿಡುವುದಿಲ್ಲ, ನಿಮ್ಮ ಕಡೆಯ ಬಿಸಿಲು ಇಲ್ಲಿ ಸಿಗದು. ಅವ್ವ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟರೆ ರೂಮಿನವರಿಗೂ ಸಾಕಾಗುವಷ್ಟು ತಾ. ಮೊದಲ ವಾರ ಮಾತು ಬೆಳೆಯುವುದೇ ಆ ಡಬ್ಬಿಯ ಸುತ್ತ.

ಅಡ್ಮಿಷನ್‌ಗೆ ಬರುವ ದಿನ ಅಪ್ಪನನ್ನೂ ಕರೆದುಕೊಂಡು ಬಾ. ಅವರು ಹಾಸ್ಟೆಲ್ ಗೇಟಿನ ಹೊರಗೆ ನಿಲ್ಲುವುದು ಬೇಡ. ಆಫೀಸಿನಲ್ಲಿ ಕೇಳಿ ಒಪ್ಪಿಗೆ ಪಡೆದು, ಮಧ್ಯಾಹ್ನ ಮೆಸ್ಸಿನಲ್ಲಿ ನಿನ್ನ ಜೊತೆ ಕೂತು ಒಂದು ಊಟ ಮಾಡಲಿ. ಮಗಳು ನಾಳೆಯಿಂದ ಎಲ್ಲಿ ಕೂತು ಉಣ್ಣುತ್ತಾಳೆ ಎಂದು ಅವರು ಕಣ್ಣಾರೆ ನೋಡಬೇಕು.